ಕುಂಚದ ಹಿಡಿಗಳ ಚಪ್ಪರ

ತೆಮಾ ಪೆರೆಲ್‌ಮಟರ್ ಪುಸ್ತಕದ ಮೊದಲ ಪುಟ ಓದಿದಳು, ಎರಡನೆಯದನ್ನು ಓದಲಿಲ್ಲ. ಆಮೇಲೆ ನಡೆದ ಫಜೀತಿಯೆಲ್ಲ ಅಲ್ಲಿಂದಲೇ ಶುರುವಾದದ್ದು.

ಯಹೂದಿಗಳ ಸುಕ್ಕೋತ್ ಹಬ್ಬದ ಚಪ್ಪರವನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಆ ಪುಟ್ಟ ಪುಸ್ತಕವನ್ನು ಅವಳು ಜುಲೈ ತಿಂಗಳಲ್ಲಿ, ಲೈಬ್ರರಿಯಲ್ಲಿ ನಿಂತುಕೊಂಡೇ ಬಿಡಿಸಿದ್ದಳು. ಚಪ್ಪರದ ಮೇಲೆ ಹೊದಿಸುವುದು ನೆಲದಲ್ಲಿ ಬೆಳೆದದ್ದಾಗಿರಬೇಕು, ನೆಲದಿಂದ ಕಡಿದು ತಂದದ್ದಾಗಿರಬೇಕು ಎಂದು ಮೊದಲ ಪುಟದಲ್ಲೇ ಬರೆದಿತ್ತು. ನೆಲದಲ್ಲಿ ಬೆಳೆದದ್ದು ಅಂದರೆ ಮರ. ಮರ ಅಂದರೆ ಕುಂಚದ ಹಿಡಿ. ಅಷ್ಟು ಹೊಳೆದದ್ದೇ ತಡ, ಅವಳ ಕಣ್ಣ ಮುಂದೆ ಇಡೀ ಚಪ್ಪರ ಎದ್ದು ನಿಂತುಬಿಟ್ಟಿತು. ಇನ್ನು ಪುಟ ತಿರುಗಿಸುವ ವ್ಯವಧಾನ ಯಾರಿಗಿರುತ್ತದೆ? ಅರವತ್ತೊಂದು ವರ್ಷದ ಹೆಂಗಸು ಪುಸ್ತಕವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಬಸ್ಸಿಗೂ ಕಾಯದೆ ಮನೆಗೆ ನಡೆದುಬಿಟ್ಟಳು.

ಮೂವತ್ತನಾಲ್ಕು ವರ್ಷ ಬ್ರೂಕ್ಲಿನ್‌ನ ಅಂಗಡಿಗಳಿಗೆ ಬೋರ್ಡು ಬರೆದವಳು ಅವಳು. ಮಾಂಸದಂಗಡಿ, ಮೀನಂಗಡಿ, ವಿಗ್ಗಿನಂಗಡಿ, ಉಪ್ಪಿನಕಾಯಿಯ ಪೀಪಾಯಿ ಇಟ್ಟವರು, ಪ್ರಾರ್ಥನೆಯ ಶಾಲು ಮಾರುವವರು, ಎಲ್ಲರ ಬಾಗಿಲ ಮೇಲೂ ಅವಳ ಕೈಬರಹವಿತ್ತು. ಹೀಬ್ರೂ ಅಕ್ಷರವನ್ನು ಬಲದಿಂದ, ಇಂಗ್ಲಿಷನ್ನು ಎಡದಿಂದ ಶುರುಮಾಡಿ ನಡುವೆ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ತಂದು ನಿಲ್ಲಿಸುತ್ತಿದ್ದಳು. ಮಧ್ಯಾಹ್ನದ ಊಟ ಏಣಿಯ ಮೇಲೆ ನಿಂತೇ ಆಗುತ್ತಿತ್ತು. ಆಮೇಲೆ ಪ್ರಿಂಟು ಹೊಡೆದ ಬೋರ್ಡುಗಳು ಬಂದವು, ಕೆಲಸ ಹೋಯಿತು. ಗಂಡ ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು. ಅಡುಗೆಮನೆಯ ಮೇಜಿನ ಮೇಲೆ ತನಗಾಗಿ ಚಿತ್ರ ಬರೆಯತೊಡಗಿದಳು. ಅವನ್ನು ನೋಡಿದವನು ಒಬ್ಬನೇ, ಸಿಂಕು ರಿಪೇರಿಗೆ ಬಂದ ಪ್ಲಂಬರ್. ಅವನು ಹಸಿರು ಚೆನ್ನಾಗಿದೆ ಎಂದಿದ್ದನ್ನು ಅವಳು ಎರಡು ವರ್ಷ ನೆನಪಿಟ್ಟುಕೊಂಡಿದ್ದಳು. ಇದರ ಮೇಲೆ ಒಂಟಿತನದ ಬಗ್ಗೆ ನಾನು ಬೇರೆ ಹೇಳುವ ಅಗತ್ಯವಿಲ್ಲ.

ಗೊವಾನಸ್ ಕಾಲುವೆಯ ಪಕ್ಕದಲ್ಲಿ ಹಿಂದೆ ಅಂಗಿಗುಂಡಿ ತಯಾರಿಸುತ್ತಿದ್ದ ಕಾರ್ಖಾನೆಯೊಂದಿದೆ. ಈಗ ಅದು ಯಹೂದಿ ಕಲಾವಿದರ ಮನೆ. ಕೆಲಸ ಮಾಡಲೆಂದು ಹತ್ತು ಕೋಣೆ. ಒಂಬತ್ತು ಕೋಣೆಗೆ ಅರ್ಜಿ ಹಾಕಿದವರಲ್ಲಿ ಆರಿಸುತ್ತಾರೆ. ಹತ್ತನೆಯದು ಮಾತ್ರ, ಆ ವರ್ಷದ ಹಬ್ಬದ ಚಪ್ಪರವನ್ನು ಮನೆಯ ಅಂಗಳದಲ್ಲಿ ಕಟ್ಟುವವರಿಗೆ, ಅದೂ ಒಂಬತ್ತು ಜನರೂ ಒಪ್ಪಿದರೆ. ಒಪ್ಪಿಗೆ ಕೊಡುವ ಕ್ರಮವೂ ಆ ಮನೆಯದೇ. ಆಚಾರದ ಪ್ರಕಾರ ಹಬ್ಬದ ಸಂಜೆ ಪೆನ್ನು ಮುಟ್ಟುವಂತಿಲ್ಲ, ಚೀಟಿ ಹಾಕುವಂತಿಲ್ಲ. ಹಾಗಾಗಿ ಒಂಬತ್ತು ಜನರೂ ಚಪ್ಪರದಡಿಯಲ್ಲಿ ಕೂತು ಊಟ ಮಾಡುತ್ತಾರೆ. ಕೊನೆಗೆ, ಬೇಕು ಎನ್ನುವವರು ತಮ್ಮ ಬ್ರೆಡ್ಡಿನಿಂದ ಒಂದು ತುಂಡು ಮುರಿದು ಚಪ್ಪರ ಕಟ್ಟಿದವರ ತಟ್ಟೆಗೆ ಇಡುತ್ತಾರೆ. ಒಂಬತ್ತು ತುಂಡು ಬಿದ್ದರೆ ಒಂದು ವರ್ಷ ಕೋಣೆ ನಿಮ್ಮದು. ಎಂಟು ಬಿದ್ದರೆ ಒಂದು ಬಾಟಲಿ ಜೇನುತುಪ್ಪ ಕೊಟ್ಟು ಕಳಿಸುತ್ತಾರೆ. ಹೋದ ವರ್ಷ ಒಬ್ಬ ಗಾಜಿನ ಚಪ್ಪರ ಕಟ್ಟಿ ಜೇನಿನ ಬಾಟಲಿ ಹಿಡಿದು ಹೋಗಿದ್ದ.

ತೆಮಾಳಿಗೆ ಬೇಕಿದ್ದದ್ದು ಕೋಣೆಯಲ್ಲ. ಜೂನಿನಲ್ಲಿ ಮನೆ ನೋಡಲು ಹೋದ ದಿನ ಅವರೆಲ್ಲ ಉದ್ದದ ಮೇಜಿಗೆ ಕೂತು ಊಟ ಮಾಡುತ್ತಿದ್ದರು. ಯಾವುದೋ ಒಂದು ನೀಲಿಯ ಬಗ್ಗೆ ಅರ್ಧ ಗಂಟೆಯಿಂದ ಜಗಳ ನಡೆದಿತ್ತು. ಬಂದವಳು ಯಾರು ಎಂದು ಯಾರೂ ಕೇಳಲಿಲ್ಲ. ಜೊಹ್ರಾ ಅಝೂಲಾಯ್ ಎಂಬ ಕುಂಬಾರಗಿತ್ತಿ, ಕಾಸಾಬ್ಲಾಂಕಾದಲ್ಲಿ ಹುಟ್ಟಿದವಳು, ಮಾತು ನಿಲ್ಲಿಸದೆಯೇ ಬೇಳೆಯ ಬಟ್ಟಲನ್ನು ಇವಳ ಮುಂದೆ ತಳ್ಳಿ, "ನೀವು ಹೇಳಿ, ಇದು ನೀಲೀನಾ ಇಲ್ಲಾ ಊದಾನಾ?" ಎಂದು ಒಂದು ಬಿಲ್ಲೆ ತೋರಿಸಿದಳು. ತೆಮಾ ಊದಾ ಎಂದಳು. ಮೇಜಿನ ಅರ್ಧ ಜನ ಅವಳ ಮೇಲೆ ಹರಿಹಾಯ್ದರು, ಅರ್ಧ ಜನ ಅವಳ ಪರ ನಿಂತರು. ಅವತ್ತು ಮನೆಗೆ ಹೋಗಿ ಅವಳು ಸಂತೋಷಕ್ಕೆ ಅತ್ತಳು. ಆ ಮೇಜಿನಲ್ಲಿ ಒಂದು ಜಾಗ ಸಿಕ್ಕರೆ ಸಾಕು, ಚಿತ್ರ ಬರೆಯದಿದ್ದರೂ ಪರವಾಗಿಲ್ಲ ಎನ್ನಿಸಿತ್ತು.

ಆಗಸ್ಟ್ ಪೂರ್ತಿ ಅವಳು ಹಳೆಯ ಕುಂಚಗಳನ್ನು ಬೇಡುತ್ತಾ ತಿರುಗಿದಳು. ಊರಿನ ಯಹೂದಿ ಚಿತ್ರಗಾರರು, ಅವರ ವಿಧವೆಯರು, ಮಕ್ಕಳು, ಯಾರ ಮನೆಯ ಗಂಟೆಯನ್ನೂ ಅವಳು ಬಿಡಲಿಲ್ಲ. ಚಿತ್ರ ಬರೆಯುವವರು ಚಿತ್ರವನ್ನಾದರೂ ಬಿಸಾಡುತ್ತಾರೆ, ಕುಂಚ ಬಿಸಾಡುವುದಿಲ್ಲ. ಕೂದಲೆಲ್ಲ ಉದುರಿದವು ಡಬ್ಬಗಳಲ್ಲಿ, ಕಾಲುಚೀಲಗಳಲ್ಲಿ ಸಿಕ್ಕವು. ರೇಸಿನ ಕುದುರೆ ಬಿಟ್ಟು ಬೇರೇನನ್ನೂ ಬರೆಯದ ಲೇಝರ್ ಕಿರ್ಶ್‌ನರ್, ನಾಟಕದ ಪರದೆಗಳಲ್ಲಿ ಚಂದ್ರನನ್ನು ಮಾತ್ರ ಬರೆದು ಬದುಕಿದ ಬ್ರೈನಾ ಟುಖ್‌ಮನ್, ಹಲ್ಲಿನ ಡಾಕ್ಟರರ ಗೋಡೆಗೆ ಒಸಡಿನ ಪಟ ಬರೆದವನು, ಮದುವೆಯ ಕರಾರುಪತ್ರಕ್ಕೆ ಬಳ್ಳಿ ಸುತ್ತಿದವಳು. ಒಟ್ಟು ಸಾವಿರದ ನೂರ ನಲವತ್ತು. ಪ್ರತಿ ಕುಂಚವನ್ನೂ ನೆನೆಸಿ ಹಿಡಿಗೆ ಸುತ್ತಿದ ತಗಡು ಕಿತ್ತಳು, ಉಳಿದ ಕೂದಲು ಕಿತ್ತಳು, ಬರೀ ಮರವನ್ನು ಉಳಿಸಿಕೊಂಡಳು. ಪ್ರತಿ ಹಿಡಿಯ ಮೇಲೂ ಅದರ ಯಜಮಾನನ ಹೆಸರನ್ನು ಬೇಳೆಕಾಳಿನ ಗಾತ್ರದ ಹೀಬ್ರೂ ಅಕ್ಷರದಲ್ಲಿ ಬರೆದಳು. ಸೆಣಬಿನ ದಾರದಲ್ಲಿ ಹೆಣೆದು ಆರು ದೊಡ್ಡ ಚಾಪೆ ಮಾಡಿದಳು. ಯೋಮ್ ಕಿಪ್ಪುರ್ ಉಪವಾಸ ಮುಗಿದ ಮರುದಿನವೇ ಅಂಗಳದಲ್ಲಿ ಕಂಬ ನೆಟ್ಟು, ಮೂರು ಕಡೆ ಬಿಳಿ ಬಟ್ಟೆ ಕಟ್ಟಿ, ನಾಲ್ಕು ದಿನದಲ್ಲಿ ಚಾಪೆಗಳನ್ನು ಮೇಲೆ ಹೊದಿಸಿದಳು.

ಚೆನ್ನಾಗಿತ್ತು. ಹಾಗೆ ಹೇಳಲು ನನಗೆ ಯಾವ ದಾಕ್ಷಿಣ್ಯವೂ ಇಲ್ಲ. ಬಣ್ಣ ಮೆತ್ತಿದ ಆ ಹಿಡಿಗಳ ಸಂದಿಯಿಂದ ಆಕಾಶ ಚೂರುಚೂರಾಗಿ ಕಾಣುತ್ತಿತ್ತು. ಜೊಹ್ರಾ ನೆಲದ ಮೇಲೆ ಅಂಗಾತ ಮಲಗಿ, ಏಳುವುದಿಲ್ಲ, ಊಟವನ್ನು ಇಲ್ಲಿಗೇ ತನ್ನಿ ಎಂದು ಹಟ ಹಿಡಿದಳು. ಮನೆಯ ಮೇಲ್ವಿಚಾರಕ ನಫ್ತಾಲಿ ಓಕ್ಸ್, ಸದಾ ಯಾರಿಗಾದರೂ ಒಂದು ಕಾಗದ ಬರೆಯುತ್ತಿರುವ ಮನುಷ್ಯ, ಅವತ್ತು ಬರೆಯುವುದನ್ನು ಬಿಟ್ಟು ಬಂದು ನೋಡಿದ. ಕಲಾವಿದರಲ್ಲಿ ಎಂಟು ಜನ ನೋಡಿದರು, ಎಂಟು ಜನವೂ ಮೆಚ್ಚಿದರು.

ಒಂಬತ್ತನೆಯವನು ಊರಲ್ಲಿರಲಿಲ್ಲ. ಅವನ ಹೆಸರು ಮೆಂಡಲ್ ಗರ್ಬರ್. ಹತ್ತು ವರ್ಷ ಚರ್ಮದ ಸುರುಳಿಯ ಮೇಲೆ ಧರ್ಮಗ್ರಂಥ ನಕಲು ಮಾಡುವ ಲಿಪಿಕಾರನಾಗಿದ್ದು, ಈಗ ಅದೇ ಅಕ್ಷರಗಳನ್ನು ಆಳೆತ್ತರಕ್ಕೆ ಬರೆದು ಗೋಡೆಗೆ ನಿಲ್ಲಿಸುವವನು. ಒಂಬತ್ತು ಜನರಲ್ಲಿ ಆಚಾರವನ್ನು ಅಕ್ಷರಶಃ ನಡೆಸುವವನು ಅವನೊಬ್ಬನೇ. ಎರಡು ವಾರದ ಹಿಂದೆ ಬಂದ ಯಹೂದಿ ಹೊಸವರ್ಷದಿಂದ ತಂಗಿಯ ಮನೆಯಲ್ಲಿದ್ದವನು ಹಬ್ಬದ ದಿನ ಮಧ್ಯಾಹ್ನ ಎರಡೂವರೆಗೆ ಸೂಟ್‌ಕೇಸ್ ಹಿಡಿದು ಅಂಗಳಕ್ಕೆ ಕಾಲಿಟ್ಟ. ಸೂರ್ಯ ಮುಳುಗುವುದಕ್ಕೆ ಇನ್ನು ನಾಲ್ಕು ಗಂಟೆಯೂ ಇರಲಿಲ್ಲ.

ಅವನು ತಲೆಯೆತ್ತಿ ನೋಡಿದ. ಸೂಟ್‌ಕೇಸ್ ಇಳಿಸುವುದನ್ನೇ ಮರೆತು ಎಷ್ಟೋ ಹೊತ್ತು ಹಾಗೇ ನಿಂತ. ಬಾಯಿ ತೆರೆದಿತ್ತು. ತೆಮಾಳಿಗೆ ಎದೆ ಹಿಗ್ಗಿತು. ಆಮೇಲೆ ಅವನ ಮುಖ ಮೆಲ್ಲಗೆ ಇಳಿದುಹೋಯಿತು.

"ಇದಕ್ಕಿಂತ ಚೆನ್ನಾಗಿರೋ ಚಪ್ಪರ ನಾನು ನೋಡಿಲ್ಲ," ಎಂದ. "ಆದ್ರೆ ನಾನು ಇದರಡಿ ಊಟ ಮಾಡೋಕಾಗಲ್ಲ."

ಮರ ನೆಲದಲ್ಲಿ ಬೆಳೆದದ್ದಲ್ಲವೇ, ತಗಡನ್ನೆಲ್ಲ ಕಿತ್ತಿದ್ದೇನೆ ಎಂದು ತೆಮಾ ಒಂದೇ ಉಸಿರಿಗೆ ಹೇಳಿದಳು. ಮೆಂಡಲ್‌ಗೆ ಹೇಳುವುದೇ ಕಷ್ಟವಾಗುತ್ತಿತ್ತು. ಬೆಳೆದದ್ದಾದರೆ ಸಾಲದು, ಅದು ಯಾವತ್ತೂ ಮನುಷ್ಯನ ಕೈಯಲ್ಲಿ ಸಾಮಾನಾಗಿ ದುಡಿದಿರಬಾರದು ಎಂದ. ಅದು ಪುಸ್ತಕದ ಎರಡನೆಯ ಪುಟದಲ್ಲಿದ್ದ ಮಾತು.

ಜೊಹ್ರಾ ನೆಲದಿಂದ ಎದ್ದು ಕೂತಳು. "ಒಂದಿನ ಮೇಲೆ ನೋಡ್ದೆ ಊಟ ಮಾಡೋ. ನಿನ್ ಗಂಟೇನ್ ಹೋಗುತ್ತೆ?"

"ಮೇಲೆ ನೋಡ್ಬೇಕು ಅಂತಾನೇ ಅಲ್ವೇನೇ ಈ ಹಬ್ಬ ಇರೋದು," ಎಂದ ಮೆಂಡಲ್.

ಅಲ್ಲಿಂದ ಮುಂದೆ ವಾದ. ಆ ಮನೆಯಲ್ಲಿ ಉಪ್ಪು ಕಡಿಮೆಯಾದರೂ ವಾದ ನಡೆಯುತ್ತದೆ, ಇಂಥದ್ದನ್ನು ಬಿಡುತ್ತಾರೆಯೇ. ಹಳೆಯ ಗ್ರಂಥದಲ್ಲಿ ಬಾಣದ ಕಡ್ಡಿಗಳನ್ನು ಹೊದಿಸಿದವನ ಮಾತು ಬರುತ್ತದೆ, ಅದು ಸಲ್ಲುತ್ತದೆ ಎಂದಿದ್ದಾರಲ್ಲ, ಬಾಣ ಸಲ್ಲುವುದಾದರೆ ಕುಂಚ ಏನು ಪಾಪ ಮಾಡಿದೆ ಎಂದು ಒಬ್ಬ ಎದ್ದ. ಆ ಕಡ್ಡಿ ಇನ್ನೂ ಬಾಣವಾಗಿರಲಿಲ್ಲ, ಇವು ನಲವತ್ತು ವರ್ಷ ಬಣ್ಣ ಬಳಿದಿವೆ ಎಂದು ಮೆಂಡಲ್ ಹೇಳಿದ. ಮುರಿದ ಮೇಲೆ ಇನ್ನೆಂಥ ಸಾಮಾನು ಎಂದು ಇನ್ನೊಬ್ಬಳು ಕೇಳಿದಳು. ಮುರಿದರೂ ಸಾಮಾನೇ ಎಂದು ಅದಕ್ಕೂ ಉತ್ತರವಿತ್ತು. ಕೊನೆಗೆ ನಫ್ತಾಲಿ ಧರ್ಮಗುರು ರಬ್ಬಿಗೆ ಫೋನ್ ಮಾಡಿದ. ರಬ್ಬಿ ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟರು. "ಚಮಚ ಹಾಸಿದ್ರೆ ಸಲ್ಲುತ್ತೇನಪ್ಪಾ? ಬ್ರಶ್ಶೂ ಹಾಗೇ. ನಂಗಿಲ್ಲಿ ಎಲೆಕೋಸು ಸೀಯ್ತಾ ಇದೆ. ಹಬ್ಬ ಚೆನ್ನಾಗಾಗಲಿ."

ತೆಮಾ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಿದ್ದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಇಪ್ಪತ್ತು ಚಪ್ಪರಕ್ಕೆ ಕಾಗದದ ಸರಪಳಿ ಕಟ್ಟಿದವಳು. ಅಪ್ಪ ಯಾವತ್ತೂ ಜೋಳದ ದಂಟು, ದೇವದಾರು ಕೊಂಬೆ ಬಿಟ್ಟು ಇನ್ನೇನನ್ನೂ ಹೊದಿಸಿದ್ದನ್ನು ಅವಳು ಕಂಡಿರಲಿಲ್ಲ. ಏಕೆ ಎಂದು ಒಮ್ಮೆಯಾದರೂ ಕೇಳಬೇಕೆಂದು ಹೊಳೆದಿರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಮೆಂಡಲ್ ಹತ್ತಿರ ಬಂದು ಮಂಡಿಯೂರಿ ಕೂತ. ಅವನು ಒಳ್ಳೆಯವನು, ಅದೇ ತೊಂದರೆ. ಹಬ್ಬದ ಸಂಜೆ ಗಾಡಿ ಹತ್ತುವಂತಿಲ್ಲ, ಊಟವನ್ನು ತನ್ನ ಮನೆಯಲ್ಲೇ ಮಾಡಿ ಐವತ್ತು ನಿಮಿಷ ನಡೆದು ಬಂದು ತನ್ನ ತುಂಡನ್ನು ಇಟ್ಟು ಹೋಗುತ್ತೇನೆ, ನಿಮ್ಮ ಕೋಣೆ ತಪ್ಪುವುದಿಲ್ಲ ಎಂದ.

"ಊಟ ಮಾಡ್ದೆ ಇಟ್ಟ ತುಂಡು ನಂಗೆ ಬೇಡ ಕಣಪ್ಪ," ಎಂದಳು ತೆಮಾ. "ಕೋಣೆ ಯಾರಿಗೆ ಬೇಕಿತ್ತು? ನಂಗೆ ಮನೇಲಿ ಕೋಣೆ ಇದೆ. ನೀನು ಎದ್ದು ಹೋದ್ರೆ ಮೇಜಲ್ಲಿ ಒಂದು ಜಾಗ ಖಾಲಿ. ಅದನ್ನ ನೋಡ್ಕೊಂಡು ನಾನು ಹೇಗೆ ಉಣ್ಣಲಿ?"

ತೆಮಾ ಮೂಗು ಒರೆಸಿಕೊಂಡು ಮೇಲೆ ನೋಡಿದಳು, ಆಮೇಲೆ ಬಿಳಿ ಬಟ್ಟೆಯ ಗೋಡೆಗಳನ್ನು ನೋಡಿದಳು. ಬೋರ್ಡು ಬರೆಯುವವರಿಗೆ ಒಂದು ಗುಣವಿರುತ್ತದೆ. ಅಕ್ಷರ ತಪ್ಪಿದರೆ ಅತ್ತು ಪ್ರಯೋಜನವಿಲ್ಲ, ಬಣ್ಣ ಒಣಗುವುದರೊಳಗೆ ಒರೆಸಬೇಕು.

"ಗೋಡೆ ಯಾವುದರಲ್ಲಿ ಮಾಡ್ಬೇಕು?" ಎಂದು ಕೇಳಿದಳು.

ಮೆಂಡಲ್‌ನ ಕಣ್ಣು ಅರಳಿತು. "ಗೋಡೆಗೆ ಏನಾದ್ರೂ ಆಗುತ್ತೆ. ಗಾಳಿಗೆ ಅಲ್ಲಾಡಬಾರದು ಅಷ್ಟೇ. ಆನೆ ತಂದು ಕಟ್ಟಿ ಹಾಕಿದ್ರೂ ಸಲ್ಲುತ್ತೆ ಅಂತ ಬರ್ದಿದ್ದಾರೆ."

"ಆನೆ ಇಲ್ಲ. ಚಾಪೆ ಇಳಿಸ್ರಿ," ಎಂದಳು ತೆಮಾ.

ಗೋಡೆಯ ಸಮಸ್ಯೆ ಮುಗಿಯಿತು, ಮಾಡಿನದು ಉಳಿಯಿತು. ನಫ್ತಾಲಿ ಬರೋ ಪಾರ್ಕ್ ಬಡಾವಣೆಯ ಐದು ಅಂಗಡಿಗಳಿಗೆ ಫೋನ್ ಮಾಡಿದ. ಮೂರು ಮುಚ್ಚಿದ್ದವು, ಒಂದರಲ್ಲಿ ಕೊನೆಯ ಬಿದಿರು ಚಾಪೆ ಹನ್ನೆರಡಕ್ಕೇ ಹೋಗಿತ್ತು, ಐದನೆಯವನು ಈಗ ಕೇಳುತ್ತೀರಲ್ಲ ಎಂದು ನಕ್ಕೇಬಿಟ್ಟ. ಆಗ ಜೊಹ್ರಾ ಅಂಗಳದ ಹಿಂಗೋಡೆಯ ಕಡೆ ಕೈ ತೋರಿಸಿದಳು. ಗೋಡೆಯಾಚೆ ಸ್ಕೋರ್ತಿನೊ ಅಜ್ಜಿಯ ಹಿತ್ತಲು. ಅಲ್ಲಿ ಬಿದಿರು ಎರಡಾಳೆತ್ತರ ಬೆಳೆದು ಅರ್ಧಕ್ಕರ್ಧ ಈ ಕಡೆಗೇ ಬಾಗಿ ನಿಂತಿತ್ತು. ಆ ಬಿದಿರಿನ ಎಲೆ ಬಿದ್ದು ಕಾರ್ಖಾನೆಯ ಮೋರಿ ಕಟ್ಟಿಕೊಳ್ಳುತ್ತದೆ ಎಂದು ನಫ್ತಾಲಿಗೂ ಅಜ್ಜಿಗೂ ಆರು ವರ್ಷದಿಂದ ಮಾತಿರಲಿಲ್ಲ.

ಬಾಗಿದ್ದು ನಮ್ಮ ಕಡೆ, ಗರಗಸ ತನ್ನಿ ಎಂದ ನಫ್ತಾಲಿ. ಮೆಂಡಲ್ ಅಡ್ಡ ನಿಂತ. ಕದ್ದದ್ದನ್ನು ಹೊದಿಸಿದರೆ ಚಪ್ಪರ ಸಲ್ಲುವುದಿಲ್ಲ. ಕದಿಯುವುದೆಲ್ಲಿ ಬಂತು, ಗೋಡೆಯ ಈಚೆ ಬಂದದ್ದು ನಮ್ಮದೇ ಎಂದು ನಫ್ತಾಲಿ ಪಟ್ಟು ಹಿಡಿದ. ಜೊಹ್ರಾ ಆಫೀಸಿನೊಳಗೆ ಹೋಗಿ ಅವನದೇ ಕಾಗದದ ನಕಲು ತಂದಳು. ಅದರಲ್ಲಿ ಅವನು ಅಜ್ಜಿಗೆ "ತಮ್ಮ ಬಿದಿರು" ಎಂದು ಏಳು ಸಲ ಬರೆದು ಕೆಳಗೆ ಸಹಿ ಹಾಕಿದ್ದ. ಅವಳು ಏಳನ್ನೂ ಗಟ್ಟಿಯಾಗಿ ಓದಿದಳು. ನಫ್ತಾಲಿಯ ಕಿವಿ ಕೆಂಪಾಯಿತು, ಉಳಿದವರು ಬಿದ್ದು ಬಿದ್ದು ನಕ್ಕರು. ತೆಮಾಳೂ ನಕ್ಕಳು, ಅವತ್ತು ಮಧ್ಯಾಹ್ನ ಮೊದಲ ಸಲ.

ಅವಳೇ ನಫ್ತಾಲಿಯ ತೋಳು ಹಿಡಿದು ಪಕ್ಕದ ಬೀದಿಗೆ ಕರೆದುಕೊಂಡು ಹೋದಳು. ಸ್ಕೋರ್ತಿನೊ ಅಜ್ಜಿಗೆ ಎಂಬತ್ತೆರಡು ವರ್ಷ. ಬಾಗಿಲನ್ನು ಹೆಗಲಗಲಕ್ಕೆ ಮಾತ್ರ ತೆರೆದು, ಎದುರು ನಿಂತ ಮನುಷ್ಯನನ್ನು ಕಾಲಿನಿಂದ ತಲೆಯವರೆಗೆ ಅಳೆದಳು.

"ಆರು ವರ್ಷದಿಂದ ಕಾಗದ ಬರೀತೀಯ," ಎಂದಳು. "ಒಂದು ಸಲ ಬಾಗಿಲು ತಟ್ಟಿದ್ಯಾ? ಬಿದಿರು ನಮ್ ಯಜಮಾನ್ರು ನೆಟ್ಟಿದ್ದು. ನಾನು ಹೋಗಿ ಕಡಿಯೋಕಾಗುತ್ತಾ? ಕೈ ನೋಡು. ಒಂದು ಹುಡುಗನ್ನ ಗರಗಸ ಕೊಟ್ಟು ಕಳಿಸಿದ್ರೆ ಅವತ್ತೇ ಮುಗೀತಿತ್ತು."

ತಪ್ಪಾಯಿತು ಎಂದು ನಫ್ತಾಲಿ ತೊದಲಿದ. ತೆಮಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾನು ಕಟ್ಟಿದ್ದು ಸಲ್ಲಲಿಲ್ಲ, ಸೂರ್ಯ ಮುಳುಗುವುದರೊಳಗೆ ಹಸಿ ಬಿದಿರು ಬೇಕು, ಅದರ ಕೆಳಗೆ ಕೂತು ಊಟ ಮಾಡಬೇಕು, ಕೊಟ್ಟರೆ ಮನಸ್ಸಿನಿಂದ ಕೊಡಬೇಕು, ಇಲ್ಲವಾದರೆ ಅದೂ ಸಲ್ಲುವುದಿಲ್ಲ.

"ಮಳೆ ಬಂದ್ರೆ?" ಎಂದಳು ಅಜ್ಜಿ.

"ಸಾರು ಜಾಸ್ತಿ ಆಗುತ್ತೆ," ಎಂದಳು ತೆಮಾ.

ಅಜ್ಜಿ ಒಳಗೆ ಹೋಗಿ ತುಕ್ಕು ಹಿಡಿದ ಎರಡು ಗರಗಸ ತಂದು ಒಂದನ್ನು ನಫ್ತಾಲಿಯ ಕೈಗೆ ತುರುಕಿದಳು. "ಪೂರ್ತಿ ಕಡೀರಿ. ಅಡುಗೆಮನೆಗೆ ಬೆಳಕು ಬಂದು ಎಷ್ಟು ಕಾಲ ಆಯ್ತೋ," ಎಂದಳು. ಊಟಕ್ಕೆ ಬನ್ನಿ ಎಂದು ತೆಮಾ ಕರೆದಳು. ಯಾವ ಮನೆಯ ಪರವಾಗಿ ಕರೆಯುತ್ತಿದ್ದೇನೆ, ತನಗೆ ಆ ಅಧಿಕಾರವಿದೆಯೇ ಎಂಬುದೊಂದೂ ಅವಳಿಗೆ ಹೊಳೆಯಲಿಲ್ಲ.

ನಾಲ್ಕು ಗಂಟೆಯಿಂದ ಆರರವರೆಗೆ ಆ ಅಂಗಳದಲ್ಲಿ ನಡೆದದ್ದನ್ನು ನೋಡಬೇಕಿತ್ತು. ಒಂಬತ್ತು ಜನ ಕಲಾವಿದರು, ಒಬ್ಬೊಬ್ಬರೂ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ತಮ್ಮ ಲೋಕದಲ್ಲಿರುವವರು, ಒಂದೇ ಹಗ್ಗದ ಎರಡು ತುದಿ ಹಿಡಿದು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಗೋಡೆ ಮೊದಲು, ಹೊದಿಕೆ ಆಮೇಲೆ, ಕ್ರಮ ತಪ್ಪಬಾರದು ಎಂದು ಮೆಂಡಲ್ ಟೋಪಿ ಹಿಂದಕ್ಕೆ ತಳ್ಳಿಕೊಂಡು ಕೂಗುತ್ತಿದ್ದ. ಹಿಡಿಗಳ ಚಾಪೆಗಳನ್ನು ಕಂಬದಿಂದ ಕಂಬಕ್ಕೆ ಎಳೆದು, ಕೆಳಗಡೆ ಬಿಗಿದು ಕಟ್ಟಿದರು. ವಿಡಿಯೊ ಮಾಡುವ ಉದ್ದನೆಯ ಹುಡುಗಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಬೋರ್ಡು ಬರೆಯುವವರು ಏಣಿಗೆ ಹಾಕುವ ಗಂಟನ್ನು ತೆಮಾ ಅವಳಿಗೆ ಹೇಳಿಕೊಟ್ಟಳು. ಆಮೇಲೆ ನೋಡಿದರೆ ಎಲ್ಲರೂ ಅದೇ ಗಂಟು ಕಲಿಯಲು ಸಾಲಾಗಿ ನಿಂತಿದ್ದರು. ಗೋಡೆಯಾಚೆಯಿಂದ ಬಿದಿರು ಹಾರಿ ಬೀಳುತ್ತಿತ್ತು, ಜೊತೆಗೆ ಅಜ್ಜಿಯ ಬೈಗುಳವೂ, ನಫ್ತಾಲಿಯ ಕ್ಷಮಾಪಣೆಯೂ. ಎಲೆ ಸಮೇತ ಹಸಿ ಬಿದಿರನ್ನು ತೆಮಾಳೇ ಏಣಿಯ ಮೇಲೆ ನಿಂತು ಹೊದಿಸಿದಳು. ಆರೂ ಹತ್ತಕ್ಕೆ ಕೊನೆಯ ಗಳ ಏರಿತು. ಮೆಂಡಲ್ ಕೆಳಗೆ ನಿಂತು ಮೇಲೆ ನೋಡಿದ, ನಿಯಮದಂತೆ ಬಿಸಿಲಿಗಿಂತ ನೆರಳು ಹೆಚ್ಚಿದೆಯೇ ಎಂದು ಅಳೆದ, ಆಮೇಲೆ ಎರಡು ಕೈಯನ್ನೂ ಮೇಲೆತ್ತಿ ಕುಣಿಯುವವನ ಹಾಗೆ ಒಂದು ಸುತ್ತು ತಿರುಗಿದ. ಜೊಹ್ರಾ ಓಡಿಹೋಗಿ ದೀಪ ಹಚ್ಚಿದಳು.

ಹಬ್ಬ ಶುರುವಾಯಿತು. ಕೈ ತೊಳೆದರು, ದ್ರಾಕ್ಷಾರಸದ ಮೇಲೆ ಮಂತ್ರ ಹೇಳಿದರು, ಜಡೆಯಂತೆ ಹೆಣೆದ ಬ್ರೆಡ್ಡನ್ನು ಜೇನಿನಲ್ಲಿ ಅದ್ದಿದರು. ಸಾರು ಬಂತು, ಅಕ್ಕಿ ತುಂಬಿದ ಎಲೆಕೋಸು ಬಂತು, ಜೊಹ್ರಾಳ ಮನೆಯ ಕುಂಬಳಕಾಯಿ, ಕಡಲೆ ಹಾಕಿದ ದೊಡ್ಡ ಬೋಗುಣಿ ಬಂತು. ಸ್ಕೋರ್ತಿನೊ ಅಜ್ಜಿ ಮುತ್ತಿನ ಸರ ಹಾಕಿಕೊಂಡು ಬಂದು ತೆಮಾಳ ಪಕ್ಕದಲ್ಲೇ ಕೂತಳು. ಒಂಬತ್ತು ಜನವೂ ಕೂತಿದ್ದರು. ಮೆಂಡಲ್ ಎರಡನೆಯ ಸಲ ಎಲೆಕೋಸು ಹಾಕಿಸಿಕೊಂಡದ್ದನ್ನು ತೆಮಾ ಕಣ್ಣಾರೆ ಕಂಡಳು. ಆದರೂ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅವಳ ಕನಸಿನ ಚಪ್ಪರ ಇದಲ್ಲ. ಅರ್ಧ ಬೇರೆಯವರು ಕಟ್ಟಿದ್ದು, ಮಾಡು ಬೇರೆಯವರ ಹಿತ್ತಲಿನದು. ಇದಕ್ಕೆ ಯಾರು ಯಾಕೆ ತುಂಡು ಇಡಬೇಕು?

ಅಷ್ಟರಲ್ಲಿ ಮೇಜಿನ ಆ ತುದಿಯಲ್ಲಿ ಯಾರೋ ಕುರ್ಚಿ ಹಿಂದಕ್ಕೆ ತಳ್ಳಿ ಗೋಡೆಗೆ ಮುಖವಿಟ್ಟರು. ಅದು ವಿಡಿಯೊ ಹುಡುಗಿ. "ಟುಖ್‌ಮನ್," ಎಂದು ಓದಿದಳು. "ಬ್ರೈನಾ ಟುಖ್‌ಮನ್. ಇವ್ರು ನಮ್ಮಜ್ಜಿಗೆ ಗೆಳತಿ. ನಮ್ಮನೇಲಿ ಅವ್ರ ಚಂದ್ರ ಇದೆ."

ಆಗ ಎಲ್ಲರೂ ಎದ್ದರು. ಮಧ್ಯಾಹ್ನದವರೆಗೆ ಆ ಹಿಡಿಗಳು ತಲೆಯ ಮೇಲಿದ್ದವು. ಮೆಚ್ಚಿದ್ದರು, ಆದರೆ ಅಷ್ಟೆತ್ತರದಲ್ಲಿ ಬೇಳೆಕಾಳಿನಷ್ಟು ಅಕ್ಷರ ಯಾರ ಕಣ್ಣಿಗೆ ಕಾಣಬೇಕು? ಬೀದಿಯಾಚೆಯವನಿಗೆ ಓದಲು ಅಕ್ಷರ ಎಷ್ಟಿರಬೇಕೆಂದು ಮೂವತ್ತನಾಲ್ಕು ವರ್ಷ ಅಳೆದವಳು ಖುಷಿಯಲ್ಲಿ ಅದನ್ನೇ ಮರೆತಿದ್ದಳು. ಈಗ ಹೆಸರುಗಳು ಕಣ್ಣಿನ ಮಟ್ಟಕ್ಕೆ ಇಳಿದಿದ್ದವು, ಕೂತವರ ಹೆಗಲಿಗೆ ತಾಗುತ್ತಿದ್ದವು. ತಟ್ಟೆ ಕೈಯಲ್ಲಿ ಹಿಡಿದು, ದೀಪದ ಬೆಳಕಿನಲ್ಲಿ ಒಬ್ಬೊಬ್ಬರೂ ಓದಿದರು. ಒಬ್ಬನಿಗೆ ಒಸಡಿನ ಪಟ ಬರೆದ ತನ್ನ ತಾತ ಸಿಕ್ಕ, ಇಂಥ ಕೆಲಸ ಮಾಡುತ್ತಿದ್ದನೆಂದು ಮನೆಯಲ್ಲಿ ನಾಚಿಕೆಪಟ್ಟು ಮುಚ್ಚಿಟ್ಟಿದ್ದರು ಎಂದು ಹೇಳಿ ಅಳುತ್ತಾ ನಕ್ಕ. ಜೊಹ್ರಾ ತನಗೆ ಮೊದಲು ಮಣ್ಣು ಕಲಸಲು ಕಲಿಸಿದವಳನ್ನು ಹುಡುಕಿ ತೆಗೆದಳು. ಕುದುರೆಯವನ ಸುದ್ದಿ, ಪರದೆಯವಳ ಸುದ್ದಿ, ಯಾರು ಯಾರ ಶಿಷ್ಯರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದರು, ಎಲ್ಲ ಹೊರಬಿತ್ತು. ತೆಮಾ ಒಂದೊಂದು ಹಿಡಿ ಸಿಕ್ಕಿದ ಮನೆಯ ಕತೆ ಹೇಳುತ್ತಾ ಹೋದಳು. ಅವಳಿಗೆ ಹೆದರಿಕೆ ಯಾವಾಗ ಬಿಟ್ಟುಹೋಯಿತೋ ಗೊತ್ತಾಗಲಿಲ್ಲ.

ಮೆಂಡಲ್ ಮಾತ್ರ ಮೂರು ಗೋಡೆಯನ್ನೂ ಒಂದು ತುದಿಯಿಂದ ಓದಿದ. ಲಿಪಿಕಾರ ಅಲ್ಲವೇ, ಒಂದಕ್ಷರ ಬಿಡುವ ಜಾತಿಯಲ್ಲ. ಕೊನೆಗೆ ತೆಮಾಳ ಎದುರು ಬಂದು ನಿಂತ.

"ನಿಮ್ಮ ಹೆಸರು ಎಲ್ಲಿದೆ?" ಎಂದು ಕೇಳಿದ.

ತೆಮಾಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ನನ್ನದ್ಯಾಕಿರುತ್ತೆ? ಇದು ಚಿತ್ರ ಬರೆಯೋರದ್ದು. ನಾನು ಅಂಗಡಿ ಬೋರ್ಡು ಬರೀತಿದ್ದೆ ಕಣಪ್ಪ."

ಅವಳು ಅದನ್ನು ನಾಟಕಕ್ಕೆ ಹೇಳಿರಲಿಲ್ಲ. ಸಾವಿರದ ನೂರ ನಲವತ್ತು ಹೆಸರು ಬರೆದ ಕೈಗೆ ಇನ್ನೊಂದನ್ನು ಬರೆಯಬೇಕೆಂದು ಒಂದು ಕ್ಷಣವೂ ತೋಚಿರಲಿಲ್ಲ. ಮೆಂಡಲ್‌ಗೆ ಅದು ಅರ್ಥವಾಯಿತು.

"ಹದಿಮೂರನೇ ಅವೆನ್ಯೂಲಿ ಒಂದು ಮೀನಂಗಡಿ ಇತ್ತು," ಎಂದ. "ಅದರ ಬೋರ್ಡಲ್ಲಿ ಒಂದು ಲಾಮೆದ್ ಅಕ್ಷರ ಇತ್ತು, ಕತ್ತು ಹೀಗೆ ಹಿಂದಕ್ಕೆ ಬಾಗ್ಸಿ. ನಂಗೆ ಏಳು ವರ್ಷ. ಶಾಲೆಗೆ ಹೋಗ್ತಾ ದಿನಾ ಅದನ್ನ ನಿಂತು ನೋಡ್ತಿದ್ದೆ, ಮೇಷ್ಟ್ರ ಕೈಲಿ ಏಟು ತಿಂತಿದ್ದೆ. ನಾನು ಲಿಪಿಕಾರ ಆಗಿದ್ದೇ ಅದರಿಂದ. ಇವತ್ತು ಈ ಗೋಡೇಲಿ ಅದೇ ಲಾಮೆದ್ ಇದೆ, ಇನ್ನೂರು ಕಡೆ."

ಮೆಂಡಲ್ ತನ್ನ ಬ್ರೆಡ್ಡಿನಿಂದ ಒಂದು ತುಂಡು ಮುರಿದು ಅವಳ ತಟ್ಟೆಗೆ ಇಟ್ಟ.

"ಇವತ್ತು ಬರೆಯೋ ಹಾಗಿಲ್ಲ," ಎಂದ. "ಹಬ್ಬ ಮುಗಿಯೋವರೆಗೂ ಬರೆಯೋ ಹಾಗಿಲ್ಲ. ಅಲ್ಲೀವರೆಗೆ ಹೆಸರಿನ ಬದಲು ನೀವೇ ಇಲ್ಲಿ ಕೂತಿರಿ."

ಜೊಹ್ರಾ ಮುರಿದಿಟ್ಟಳು. ವಿಡಿಯೊ ಹುಡುಗಿ ಇಟ್ಟಳು, ಒಸಡಿನ ಪಟದವನ ಮೊಮ್ಮಗ ಇಟ್ಟ. ಒಬ್ಬೊಬ್ಬರಾಗಿ ಬಂದು ಇಟ್ಟು, ಅವಳ ತಲೆಗೆ ಕೆನ್ನೆಗೆ ಮುತ್ತಿಟ್ಟು ಹೋದರು. ತೆಮಾ ಎಣಿಸುವ ಗೋಜಿಗೆ ಹೋಗಲಿಲ್ಲ, ಕಣ್ಣು ಮಂಜಾಗಿ ಎಣಿಸಲು ಆಗುತ್ತಲೂ ಇರಲಿಲ್ಲ. ಎಣಿಸಿದವನು ನಫ್ತಾಲಿ. ಎರಡು ಸಲ ಎಣಿಸಿ ತಬ್ಬಿಬ್ಬಾದ. ತಟ್ಟೆಯಲ್ಲಿ ಹತ್ತು ತುಂಡು ಇದ್ದವು.

ಹತ್ತನೆಯದು ಸ್ಕೋರ್ತಿನೊ ಅಜ್ಜಿಯದು. ಅದೊಂದು ತುಂಡಲ್ಲ, ಅರ್ಧ ಬ್ರೆಡ್ಡೇ ಆಗಿತ್ತು. ಇದು ಮತ ಹಾಕುವ ಕ್ರಮ, ತಾವು ಹಾಕುವಂತಿಲ್ಲ ಎಂದು ನಫ್ತಾಲಿ ವಿನಯದಿಂದ ವಿವರಿಸಲು ಹೊರಟ. ಅಜ್ಜಿ ಅವನ ಮಾತನ್ನು ಅರ್ಧಕ್ಕೇ ತಡೆದಳು.

"ಇವಳು ಕೂತಾಗಿಂದ ಒಂದು ತುತ್ತು ತಿಂದಿಲ್ಲ. ನೀವೆಲ್ಲ ಕೊಟ್ರಿ, ನಾನೂ ಕೊಟ್ಟೆ. ಅದಕ್ಕೂ ಒಂದು ಕಾಗದ ಬರೀತೀಯೇನು?"

ಇಡೀ ಚಪ್ಪರ ನಕ್ಕಿತು. ನಫ್ತಾಲಿಯೂ ನಕ್ಕ. ಬಿದ್ದ ತುಂಡುಗಳನ್ನೆಲ್ಲ ಕಟ್ಟಿದವರು ತಿಂದು ಮುಗಿಸಲೇಬೇಕು, ಅದೂ ಮನೆಯ ಕ್ರಮವೇ ಎಂದು ಜೊಹ್ರಾ ಅಲ್ಲೇ ಒಂದು ಹೊಸ ಕ್ರಮ ಹುಟ್ಟಿಸಿದಳು. ತೆಮಾ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವು ಒಮ್ಮೆಗೇ ಬಂತು. ಹತ್ತು ಜನರ ಬ್ರೆಡ್ಡನ್ನು ಒಂದೊಂದಾಗಿ ಜೇನಿನಲ್ಲಿ ಅದ್ದಿ, ಕೂತುಕೊಂಡು, ನಿಧಾನವಾಗಿ ಪೂರ್ತಿ ತಿಂದಳು. ಆಮೇಲೆ ಬಟ್ಟಲು ಮುಂದೆ ತಳ್ಳಿ, ಸಾರು ಇನ್ನೂ ಇದೆಯೇ ಎಂದು ಕೇಳಿದಳು.